ಅಕ್ಷರದ ಮೇಲೆ ಹಾಕಿ ನೋಡುವ ಬಣ್ಣ

ಕೋಡ್ ಬರೆಯಲು ಬಳಸುವ ವಿಮ್ ಎಡಿಟರ್ ತೆರೆದು, ಕೋಲನ್ ಒತ್ತಿ, ‘ಕಲರ್‌ಸ್ಕೀಮ್’ ಎಂದು ಟೈಪಿಸಿ, ಒಂದು ಸ್ಪೇಸ್ ಕೊಟ್ಟು ಟ್ಯಾಬ್ ಕೀ ಒತ್ತುತ್ತಾ ಹೋದರೆ ಹೆಸರುಗಳು ಒಂದರ ಹಿಂದೊಂದು ಬರುತ್ತವೆ: ಬ್ಲೂ, ಡಾರ್ಕ್‌ಬ್ಲೂ, ಡೆಲೆಕ್, ಡೆಸರ್ಟ್, ಎಲ್ಫ್‌ಲಾರ್ಡ್, ಈವ್ನಿಂಗ್, ಮಾರ್ನಿಂಗ್, ಮರ್ಫಿ, ಪಾಬ್ಲೊ, ಪೀಚ್‌ಪಫ್, ಸ್ಲೇಟ್, ಟಾರ್ಟೆ. ಒಂದನ್ನು ಆರಿಸಿ ಎಂಟರ್ ಒತ್ತಿದರೆ ಇಡೀ ಸ್ಕ್ರೀನ್ ಬಣ್ಣ ಬದಲಾಗುತ್ತದೆ. ಹಿಡಿಸದಿದ್ದರೆ ಇನ್ನೊಂದು, ಅದೂ ಬೇಡವೆನಿಸಿದರೆ ಮತ್ತೊಂದು. ಏಳನೆಯದಕ್ಕೆ ಬರುವಷ್ಟರಲ್ಲಿ ಮೂರನೆಯದು ಹೇಗಿತ್ತೆಂಬುದು ಮನಸ್ಸಿನಿಂದ ಜಾರಿರುತ್ತದೆ. ಎರಡು ಬಣ್ಣಗಳನ್ನು ಪಕ್ಕಪಕ್ಕ ಇಟ್ಟರೆ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುವ ನಮ್ಮ ಕಣ್ಣು, ಒಂದು ನಿಮಿಷದ ಹಿಂದೆ ನೋಡಿದ ಬಣ್ಣವನ್ನು ಸರಿಯಾಗಿ ನೆನಪಿಟ್ಟುಕೊಳ್ಳಲಾರದು.

ಈ ತೊಡಕಿಗೆ ಒಂದು ಪುಟ್ಟ ಸ್ಕ್ರಿಪ್ಟ್ ಪರಿಹಾರ ಕೊಡುತ್ತದೆ. ಎಡಿಟರ್‌ನಲ್ಲಿರುವ ಎಲ್ಲ ಕಲರ್ ಸ್ಕೀಮ್‌ಗಳನ್ನೂ ಒಂದೇ ಮಾದರಿ ಬರಹದ ಮೇಲೆ ಹಾಕಿ, ಎಲ್ಲವನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಹರವಿ ತೋರಿಸುವ ಸ್ಕ್ರಿಪ್ಟ್ ಅದು. ನೂರು ಸಾಲಿನೊಳಗೆ ಮುಗಿಯುವ ಕೆಲಸ. ಅದರಲ್ಲಿ ಕಣ್ಣಿನ ಪಾಠವಿದೆ, ಲೆಕ್ಕದ ಪಾಠವಿದೆ, ದಿನವಿಡೀ ಅಕ್ಷರ ನೋಡಿಯೇ ಬದುಕುವವರ ಮೇಲಿನ ಕಾಳಜಿಯೂ ಇದೆ. ನಾನು ಅಂಥದೊಂದನ್ನು ಬರೆದು, ತಿದ್ದುತ್ತಾ, ಇಂದಿಗೂ ಬಳಸುತ್ತಿದ್ದೇನೆ. ಅದನ್ನು ಕಟ್ಟುವ ಬಗೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಬಣ್ಣಕ್ಕೂ ನೆರೆಹೊರೆ ಇದೆ

ಸ್ಕ್ರಿಪ್ಟ್‌ಗೆ ಮೊದಲು ಒಂದು ಹಳೆಯ ಕಥೆ ಕೇಳಬೇಕು. ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆಯಲ್ಲಿ ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳನ್ನು ನೇಯುತ್ತಿದ್ದರು. 1824ರಲ್ಲಿ ಅಲ್ಲಿನ ಬಣ್ಣಗಾರಿಕೆಯ ವಿಭಾಗಕ್ಕೆ ಮೇಲ್ವಿಚಾರಕನಾಗಿ ಬಂದವನು ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೊಲ್. ಅವನ ಮುಂದೆ ಬಂದ ದೂರುಗಳಲ್ಲಿ ಒಂದು, ಕಪ್ಪು ನೂಲಿಗೆ ಕಸುವಿಲ್ಲ ಎಂಬುದು. ಶೆವ್ರೊಲ್ ಬೇರೆ ಕಡೆಯ ಕಪ್ಪು ನೂಲುಗಳನ್ನು ತರಿಸಿ ಹೋಲಿಸಿ ನೋಡಿದ. ಗೋಬ್ಲಾಂನ ಕಪ್ಪು ಯಾವುದಕ್ಕೂ ಕಡಿಮೆ ಇರಲಿಲ್ಲ. ನೀಲಿ, ನೇರಳೆ ನೂಲುಗಳ ಪಕ್ಕದಲ್ಲಿ ನೇಯ್ದಾಗ ಮಾತ್ರ ಅದು ಮಂಕಾಗಿ ಕಾಣುತ್ತಿತ್ತು. ದೋಷ ಬಣ್ಣದ ಬಾನಿಯಲ್ಲಿರಲಿಲ್ಲ, ನೆರೆಹೊರೆಯಲ್ಲಿತ್ತು. ಬಣ್ಣಗಳು ಪರಸ್ಪರ ಒಂದನ್ನೊಂದು ಬದಲಿಸುವ ಈ ನಿಯಮದ ಬಗ್ಗೆ ಅವನು 1839ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ.

ನಮ್ಮ ಸೀರೆ ಅಂಗಡಿಯವರಿಗೆ ಇದು ಗ್ರಂಥ ಓದದೆಯೇ ಗೊತ್ತು. ಸೆರಗನ್ನು ಒಡಲಿನ ಮೇಲೆ ಮಡಿಸಿ ಹಾಕಿ, ಅಂಚಿನ ಪಕ್ಕಕ್ಕೆ ರವಿಕೆ ಬಟ್ಟೆ ಇಟ್ಟು, ‘ಬಾಗಿಲ ಹತ್ರ ಬನ್ನಿ ಅಮ್ಮ, ಬೆಳಕಿಗೆ ನೋಡಿ’ ಅನ್ನುತ್ತಾರೆ. ನೂಲಿನ ಉಂಡೆ ತೋರಿಸಿ ಸೀರೆ ಮಾರುವವರಿಲ್ಲ. ಎಡಿಟರ್‌ನ ಬಣ್ಣಕ್ಕೂ ಇದೇ ಮಾತು. ಹಿನ್ನೆಲೆ, ಅಕ್ಷರದ ಗಾತ್ರ, ಪಕ್ಕದ ಪದದ ಬಣ್ಣ ಇವೆಲ್ಲ ಸೇರಿದಾಗಲೇ ಅದರ ನಿಜವಾದ ಗುಣ ಗೊತ್ತಾಗುವುದು. ಮುನ್ನೋಟದ ಸ್ಕ್ರಿಪ್ಟ್ ಮಾಡಬೇಕಾದ್ದು ಇಷ್ಟೆ: ಬಣ್ಣವನ್ನು ಅದು ಬಾಳಬೇಕಾದ ಜಾಗದಲ್ಲಿಟ್ಟು ತೋರಿಸುವುದು.

ಫೈಲಿನ ಒಳಗೆ

ವಿಮ್ ಅನ್ನು ಉದಾಹರಣೆಗೆ ಆರಿಸಿದ್ದಕ್ಕೆ ಕಾರಣವಿದೆ. ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ಅದನ್ನು ಮೊದಲು ಜನರ ಕೈಗಿತ್ತಿದ್ದು 1991ರಲ್ಲಿ. ಕೋಡಿನ ಪದಗಳನ್ನು ಅವುಗಳ ಪಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದಲ್ಲಿ ತೋರಿಸುವ ಸೌಲಭ್ಯ 1998ರ 5.0 ಆವೃತ್ತಿಯಲ್ಲಿ ಸೇರಿತು. 2023ರಲ್ಲಿ ತೀರಿಕೊಳ್ಳುವವರೆಗೂ ಮೂಲೆನಾರ್ ಅದನ್ನು ಬೆಳೆಸುತ್ತಲೇ ಇದ್ದರು. ವಿಮ್‌ನ ಜೊತೆ ಬರುವ ಬಹಳಷ್ಟು ಸೌಲಭ್ಯಗಳು ತೆರೆದು ಓದಬಹುದಾದ ಫೈಲುಗಳಾಗಿವೆ. ಕಲರ್ ಸ್ಕೀಮ್ ಕೂಡ ಹಾಗೆಯೇ: ‘ಕಲರ್ಸ್’ ಎಂಬ ಫೋಲ್ಡರ್‌ನಲ್ಲಿ ಒಂದೊಂದು ಸ್ಕೀಮ್‌ಗೆ ಒಂದೊಂದು ಫೈಲ್.

ಅಂಥ ಫೈಲೊಂದನ್ನು ತೆರೆದರೆ ಮೊದಲ ಸಾಲುಗಳಲ್ಲಿ ಹಿನ್ನೆಲೆ ಗಾಢವೋ ತಿಳಿಯೋ ಎಂಬ ಘೋಷಣೆ ಇರುತ್ತದೆ. ಆಮೇಲೆ ಹಿಂದಿನ ಬಣ್ಣಗಳನ್ನೆಲ್ಲ ಒರೆಸಿಹಾಕುವ ಆದೇಶ, ನಂತರ ಸ್ಕೀಮ್‌ನ ಹೆಸರು. ಉಳಿದದ್ದೆಲ್ಲ ಒಂದೇ ತೆರನಾದ ಸಾಲುಗಳು. ‘ಕಾಮೆಂಟ್’ ಎಂಬ ಗುಂಪಿಗೆ ಈ ಬಣ್ಣ, ‘ಸ್ಟೇಟ್‌ಮೆಂಟ್’ ಎಂಬ ಗುಂಪಿಗೆ ಆ ಬಣ್ಣ, ‘ಟೈಪ್’ಗೆ ಇನ್ನೊಂದು. ಕಾನ್‌ಸ್ಟಂಟ್, ಐಡೆಂಟಿಫೈಯರ್, ಪ್ರೀಪ್ರೊಕ್, ಸ್ಪೆಷಲ್, ಎರರ್, ಟೂಡು ಎಂಬ ಇನ್ನೂ ಕೆಲವು ಮುಖ್ಯ ಗುಂಪುಗಳಿವೆ. ಸ್ಟ್ರಿಂಗ್, ನಂಬರ್, ಫಂಕ್ಷನ್ ಮೊದಲಾದ ಕಿರಿಯ ಗುಂಪುಗಳಿಗೆ ಸ್ಕೀಮ್ ಏನನ್ನೂ ಹೇಳದಿದ್ದರೆ ಅವು ತಮ್ಮ ಹಿರಿಯ ಗುಂಪಿನ ಬಣ್ಣವನ್ನೇ ಹೊದ್ದುಕೊಳ್ಳುತ್ತವೆ. ಇವೆಲ್ಲ ಕೋಡಿನ ಪದಗಳ ಮಾತಾಯಿತು. ಎಡಿಟರ್‌ನದೇ ಭಾಗಗಳಿಗೆ ಇನ್ನೊಂದು ಪಟ್ಟಿ ಇದೆ: ಸಾಲಿನ ಸಂಖ್ಯೆ, ಆಯ್ದ ಭಾಗ, ಹುಡುಕಿ ಸಿಕ್ಕ ಪದ, ಕೆಳಗಿನ ಸ್ಥಿತಿಪಟ್ಟಿ, ಎರಡು ಫೈಲುಗಳ ವ್ಯತ್ಯಾಸ ತೋರಿಸುವ ಸಾಲುಗಳು.

ಈ ಎಲ್ಲ ಗುಂಪುಗಳನ್ನು ಒಟ್ಟಿಗೆ ತೋರಿಸಲು ವಿಮ್ ತನ್ನ ಜೊತೆಯಲ್ಲೇ ‘ಹೈಟೆಸ್ಟ್’ ಎಂಬ ಫೈಲೊಂದನ್ನು ಕೊಡುತ್ತದೆ. ಅದನ್ನು ಓಡಿಸಿದರೆ ಪ್ರತಿ ಗುಂಪಿನ ಹೆಸರೂ ಅದರದೇ ಬಣ್ಣದಲ್ಲಿ ಅಚ್ಚಾಗಿ ಬರುತ್ತದೆ. ಸ್ಕೀಮ್ ಬರೆಯುವವರಿಗೆ ಇದು ತುಂಬಾ ಉಪಕಾರಿ. ಆರಿಸುವವರಿಗೆ ಮಾತ್ರ ಅದು ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಇದ್ದ ಹಾಗೆ. ಮನೆಯ ಗೋಡೆಯ ಮೇಲೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಹಾಗೇ ಉಳಿದಿರುತ್ತದೆ.

ಮಾದರಿ ಬರಹ

ಇಲ್ಲಿಂದ ನಿಜವಾದ ಕೆಲಸ ಶುರು. ಸ್ಕ್ರಿಪ್ಟ್‌ನ ಒಂದು ಸಾಲನ್ನೂ ಬರೆಯುವ ಮೊದಲು ಮಾದರಿ ಬರಹವನ್ನು ಸಿದ್ಧಮಾಡಿಕೊಳ್ಳಬೇಕು. ಎಲ್ಲ ಸ್ಕೀಮ್‌ಗಳೂ ಇದೇ ಬರಹದ ಮೇಲೆ ಪರೀಕ್ಷೆಗೆ ಕೂರುವುದರಿಂದ ಪ್ರಶ್ನೆಪತ್ರಿಕೆ ಸರಿಯಾಗಿರಬೇಕು.

ನನ್ನ ಮಾದರಿ 28 ಸಾಲಿನ ಒಂದು ಪೈಥಾನ್ ಪ್ರೋಗ್ರಾಂ. ಒಂದು ಕನ್ನಡ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವುದು ಅದರ ಕೆಲಸ. ಪರೀಕ್ಷೆಗೆ ಕೊಟ್ಟಿರುವ ಪದ ‘ರಾಷ್ಟ್ರ’. ಯೂನಿಕೋಡ್ ಲೆಕ್ಕದಲ್ಲಿ ಆ ಪದದೊಳಗೆ 7 ಸಂಕೇತಗಳಿವೆ: ರ, ಆಕಾರದ ದೀರ್ಘ, ಷ, ಅರ್ಧಾಕ್ಷರದ ಗುರುತು, ಟ, ಮತ್ತೆ ಅರ್ಧಾಕ್ಷರದ ಗುರುತು, ರ. ಓದುವವರ ಕಣ್ಣಿಗೆ ಮಾತ್ರ ಅದು 2 ಅಕ್ಷರ: ‘ರಾ’ ಮತ್ತು ‘ಷ್ಟ್ರ’. ಪೈಥಾನ್‌ಗೆ ಉದ್ದ ಕೇಳಿದರೆ 7 ಅನ್ನುತ್ತದೆ, ನನ್ನ ಪ್ರೋಗ್ರಾಂ 2 ಅನ್ನುತ್ತದೆ. ಸಣ್ಣ ಪ್ರೋಗ್ರಾಂ ಆದರೂ ಅದರಲ್ಲಿ ಬೇಕಾದ್ದೆಲ್ಲ ಇದೆ. ಮೇಲ್ಗಡೆ ಎರಡು ಇಂಪೋರ್ಟ್ ಸಾಲು, ಒಂದು ಉದ್ದನೆಯ ಕಾಮೆಂಟ್, ಎರಡು ಫಂಕ್ಷನ್, ಒಂದು ಲೂಪ್, ಒಂದು ಷರತ್ತು, ಕೆಲವು ಸಂಖ್ಯೆ, ಇಂಗ್ಲಿಷ್ ಮತ್ತು ಕನ್ನಡದ ಸ್ಟ್ರಿಂಗ್‌ಗಳು, ‘ಟೂಡು’ ಎಂದು ಗುರುತು ಹಾಕಿದ ಬಾಕಿ ಕೆಲಸದ ಟಿಪ್ಪಣಿ.

ಮಾದರಿ ಕಟ್ಟುವಾಗ ಎರಡು ಸಂಗತಿಗಳನ್ನು ಗಮನದಲ್ಲಿಟ್ಟುಕೊಂಡಿದ್ದೇನೆ. ಒಂದು, ಬೇರೆ ಬೇರೆ ಗುಂಪಿನ ಪದಗಳು ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಬರಬೇಕು. ಷರತ್ತಿನ ಪದ, ಅದರ ಪಕ್ಕ ಸಂಖ್ಯೆ, ಅದರ ಪಕ್ಕ ಸ್ಟ್ರಿಂಗ್ ಇರುವ ಸಾಲಿನಲ್ಲೇ ಬಣ್ಣಗಳು ಹೊಂದುತ್ತವೋ ಜಗಳವಾಡುತ್ತವೋ ಗೊತ್ತಾಗುವುದು. ಎರಡು, ಕಾಮೆಂಟ್ ಕನಿಷ್ಠ ಮೂರು ಸಾಲು ಉದ್ದವಿರಬೇಕು. ಒಂದು ಪದದ ಕಾಮೆಂಟ್ ಯಾವ ಬಣ್ಣದಲ್ಲಿದ್ದರೂ ಓದಬಹುದು. ಮೂರು ಸಾಲು ಓದುವಾಗ ಮಂಕು ಬಣ್ಣದ ದಣಿವು ಕಣ್ಣಿಗೆ ತಿಳಿಯುತ್ತದೆ.

ಸ್ಕ್ರಿಪ್ಟ್ ನಡೆಯುವ ಬಗೆ

ಮಾದರಿ ಸಿದ್ಧವಾದ ಮೇಲೆ ಸ್ಕ್ರಿಪ್ಟ್‌ಗೆ ನಾಲ್ಕು ಹೆಜ್ಜೆ ಸಾಕು. ಸ್ಕೀಮ್‌ಗಳ ಪಟ್ಟಿ ಮಾಡುವುದು, ಒಂದೊಂದನ್ನೂ ಮಾದರಿಯ ಮೇಲೆ ಹಾಕುವುದು, ಕಂಡದ್ದನ್ನು ಸೆರೆಹಿಡಿಯುವುದು, ಎಲ್ಲವನ್ನೂ ಒಂದು ಪುಟಕ್ಕೆ ಜೋಡಿಸುವುದು.

ಪಟ್ಟಿ ಮಾಡುವುದು ಸುಲಭ. ಟ್ಯಾಬ್ ಒತ್ತಿದಾಗ ವಿಮ್ ತೋರಿಸುವ ಅದೇ ಹೆಸರುಗಳನ್ನು ಅದರ ಒಂದು ಫಂಕ್ಷನ್ ಪಟ್ಟಿಯಾಗಿ ಕೈಗೆ ಕೊಡುತ್ತದೆ. ವಿಮ್ ಜೊತೆ ಬಂದವೂ ನೀವು ಆಮೇಲೆ ಹಾಕಿಕೊಂಡವೂ ಅದರಲ್ಲಿ ಸೇರಿರುತ್ತವೆ.

ಸೆರೆಹಿಡಿಯುವುದಕ್ಕೆ ಸ್ಕ್ರೀನ್‌ಶಾಟ್ ತೆಗೆಯಬೇಕಾಗಿಲ್ಲ. ವಿಮ್‌ನಲ್ಲಿ ‘ಟುಎಚ್‌ಟಿಎಂಎಲ್’ ಎಂಬ ಆದೇಶವಿದೆ. ಕಣ್ಣ ಮುಂದಿರುವ ಬರಹವನ್ನು ಅದರ ಬಣ್ಣಗಳ ಸಮೇತ ಬ್ರೌಸರ್‌ನಲ್ಲಿ ತೆರೆಯಬಹುದಾದ ಪುಟವಾಗಿ ಅದು ಬರೆದುಕೊಡುತ್ತದೆ. ಎಡಿಟರ್ ತಾನು ಕಂಡದ್ದನ್ನು ತಾನೇ ವರದಿ ಮಾಡಿದ ಹಾಗೆ. ಚಿತ್ರವಾಗಿದ್ದರೆ ಹಿಗ್ಗಿಸಿದಾಗ ಮಸುಕಾಗುತ್ತಿತ್ತು. ಇದು ಬರಹವಾಗಿಯೇ ಉಳಿಯುವುದರಿಂದ ಎಷ್ಟು ಹಿಗ್ಗಿಸಿದರೂ ಅಕ್ಷರ ಚೂಪಾಗಿಯೇ ಇರುತ್ತದೆ.

ಆದರೆ ಈ ಆದೇಶ ಕೋಡಿನ ಬಣ್ಣಗಳನ್ನು ಹಿಡಿಯುತ್ತದೆಯೇ ಹೊರತು, ಹುಡುಕಿ ಸಿಕ್ಕ ಪದದ ಹೊಳಪನ್ನೂ ಆಯ್ದ ಭಾಗದ ಹಿನ್ನೆಲೆಯನ್ನೂ ಹಿಡಿಯುವುದಿಲ್ಲ. ಅವೆರಡೂ ದಿನಕ್ಕೆ ನೂರು ಸಲ ಕಣ್ಣಿಗೆ ಬೀಳುವಂಥವು. ಅದಕ್ಕಾಗಿ ಸ್ಕ್ರಿಪ್ಟ್ ಪ್ರತಿ ಗುಂಪಿನ ಅಕ್ಷರದ ಬಣ್ಣವನ್ನೂ ಹಿನ್ನೆಲೆಯ ಬಣ್ಣವನ್ನೂ ವಿಮ್‌ನಿಂದಲೇ ಕೇಳಿ ತಿಳಿದುಕೊಂಡು, ಮಾದರಿಯ ಕೆಳಗೆ ಒಂದು ಪಟ್ಟಿಯಾಗಿ ತಾನೇ ಬರೆಯುತ್ತದೆ. ಇಲ್ಲೊಂದು ಎಚ್ಚರ ಬೇಕು. ಕೆಲವು ಸ್ಕೀಮ್‌ಗಳು ಹುಡುಕಿದ ಪದಕ್ಕೆ ‘ತಿರುವುಮುರುವು’ ಎಂಬ ಗುಣ ಕೊಟ್ಟಿರುತ್ತವೆ. ಆಗ ಅಕ್ಷರದ ಬಣ್ಣವನ್ನೂ ಹಿನ್ನೆಲೆಯ ಬಣ್ಣವನ್ನೂ ಅದಲುಬದಲು ಮಾಡಿ ಬರೆಯಬೇಕು, ಇಲ್ಲವಾದರೆ ಮುನ್ನೋಟ ಸುಳ್ಳು ಹೇಳುತ್ತದೆ.

ಕಲಿಸಿದ ತಪ್ಪುಗಳು

ನನ್ನ ಮೊದಲ ಆವೃತ್ತಿ ಒಂದೇ ವಿಮ್‌ನೊಳಗೆ ಎಲ್ಲ ಸ್ಕೀಮ್‌ಗಳನ್ನೂ ಒಂದರ ಹಿಂದೆ ಒಂದರಂತೆ ಹಾಕುತ್ತಿತ್ತು. ಪುಟ ತೆರೆದಾಗ ಒಂದು ಸ್ಕೀಮ್‌ನ ಸಾಲಿನ ಸಂಖ್ಯೆಗಳು ತಿಳಿ ನೇರಳೆಯಲ್ಲಿ ಬಹಳ ಚೆನ್ನಾಗಿ ಕಂಡವು. ಅದನ್ನೇ ಆರಿಸಿ ಎಡಿಟರ್‌ನಲ್ಲಿ ಹಾಕಿದರೆ ನೇರಳೆಯ ಸುಳಿವೇ ಇಲ್ಲ. ಫೈಲ್ ತೆರೆದು ನೋಡಿದಾಗ ವಿಷಯ ತಿಳಿಯಿತು. ಅದನ್ನು ಬರೆದವರು ಹಿಂದಿನ ಬಣ್ಣಗಳನ್ನು ಒರೆಸುವ ಆದೇಶವನ್ನು ಸೇರಿಸಿರಲಿಲ್ಲ. ನಾನು ಮೆಚ್ಚಿದ ನೇರಳೆ ಹಿಂದಿನ ಸ್ಕೀಮ್ ಬಿಟ್ಟುಹೋದ ಕಲೆಯಾಗಿತ್ತು. ಹಾಗೆಯೇ ಒಂದು ಸ್ಕೀಮ್ ‘ಹಿನ್ನೆಲೆ ತಿಳಿ’ ಎಂದು ಹೇಳಿ ಹೋದರೆ, ಗಾಢ ಮತ್ತು ತಿಳಿ ಎರಡು ರೂಪಗಳಿರುವ ಮುಂದಿನ ಸ್ಕೀಮ್ ಅದನ್ನೇ ನಂಬಿ ತನ್ನ ತಿಳಿ ರೂಪವನ್ನು ತೋರಿಸುತ್ತದೆ.

ಅಂದಿನಿಂದ ಒಂದು ಸ್ಕೀಮ್‌ಗೆ ಒಂದು ವಿಮ್ ಎಂಬ ನಿಯಮ ಮಾಡಿಕೊಂಡೆ. ಬ್ಯಾಷ್‌ನ ಒಂದು ಲೂಪ್ ಪ್ರತಿ ಹೆಸರಿಗೂ ಹೊಸದಾಗಿ ವಿಮ್ ತೆರೆಯುತ್ತದೆ, ನನ್ನ ಸ್ವಂತ ಸೆಟ್ಟಿಂಗ್‌ಗಳನ್ನು ಓದಬೇಡ ಎಂದು ಹೇಳುತ್ತದೆ, ಹಿನ್ನೆಲೆಯನ್ನು ತಾನೇ ನಿಗದಿ ಮಾಡುತ್ತದೆ, ಎಷ್ಟು ಬಣ್ಣಗಳು ಲಭ್ಯ ಎಂಬುದನ್ನೂ ಹೇಳುತ್ತದೆ, ಸ್ಕೀಮ್ ಹಾಕಿ ಪುಟ ಬರೆಸಿ ಮುಚ್ಚುತ್ತದೆ. ಒಮ್ಮೆ ಗಾಢ ಹಿನ್ನೆಲೆಯಲ್ಲಿ, ಇನ್ನೊಮ್ಮೆ ತಿಳಿ ಹಿನ್ನೆಲೆಯಲ್ಲಿ. ಪ್ರತಿ ಅಡುಗೆಗೂ ತೊಳೆದ ಪಾತ್ರೆ ಇಟ್ಟ ಹಾಗೆ.

ಬಣ್ಣಗಳ ಸಂಖ್ಯೆ ಹೇಳಲೇಬೇಕಾದ್ದಕ್ಕೆ ಕಾರಣವಿದೆ. ಹಳೆಯ ಬಗೆಯ ಟರ್ಮಿನಲ್‌ಗಳಲ್ಲಿ 256 ಬಣ್ಣಗಳು. ಮೊದಲ 16 ಬಳಕೆದಾರರ ಇಷ್ಟಕ್ಕೆ ಬಿಟ್ಟವು. ಮುಂದಿನ 216 ಬಣ್ಣಗಳು ಕೆಂಪು, ಹಸಿರು, ನೀಲಿ ಮೂರಕ್ಕೂ ಆರಾರು ಮಟ್ಟ ಕೊಟ್ಟು ಹುಟ್ಟಿದವು. ಕೊನೆಯ 24 ಬೂದಿಯ ಛಾಯೆಗಳು. ಹೊಸ ಟರ್ಮಿನಲ್‌ಗಳು ಒಂದೊಂದಕ್ಕೂ 256 ಮಟ್ಟ ಕೊಡುವುದರಿಂದ ಒಟ್ಟು 1,67,77,216 ಬಣ್ಣಗಳಾಗುತ್ತವೆ. ಒಂದೇ ಸ್ಕೀಮ್ ಈ ಎರಡರಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ನೀವು ದಿನವೂ ಕೆಲಸ ಮಾಡುವುದು ಯಾವುದರಲ್ಲೋ ಅದರಲ್ಲೇ ಮುನ್ನೋಟವನ್ನೂ ತೆಗೆಯಬೇಕು.

ಎರಡನೆಯ ತಪ್ಪು ಜೋಡಿಸುವಾಗ ಆದದ್ದು. ಎಲ್ಲ ಪುಟಗಳ ಒಡಲನ್ನೂ ಶೈಲಿಗಳನ್ನೂ ಕತ್ತರಿಸಿ ಒಂದೇ ಪುಟಕ್ಕೆ ಅಂಟಿಸಿದೆ. ತೆರೆದು ನೋಡಿದರೆ ಎಲ್ಲ ಮಾದರಿಗಳೂ ಒಂದೇ ಬಣ್ಣ! ಪ್ರತಿ ಪುಟದಲ್ಲೂ ‘ಕಾಮೆಂಟ್’ ಎಂಬ ಒಂದೇ ಹೆಸರಿನ ಶೈಲಿ ಇರುತ್ತದೆ. ಬ್ರೌಸರ್ ಕೊನೆಗೆ ಓದಿದ ಶೈಲಿಯೇ ಹಿಂದಿನವನ್ನೆಲ್ಲ ಅಳಿಸಿ ನಿಲ್ಲುತ್ತದೆ. ಪ್ರತಿ ಮಾದರಿಯನ್ನೂ ಅದರದೇ ಐಫ್ರೇಮ್ ಚೌಕಟ್ಟಿನೊಳಗೆ ಇಟ್ಟ ಮೇಲೆ ಒಬ್ಬರ ಬಣ್ಣ ಇನ್ನೊಬ್ಬರ ಮನೆಗೆ ನುಗ್ಗುವುದು ನಿಂತಿತು.

ಕಣ್ಣಿನ ಜೊತೆಗೆ ಲೆಕ್ಕ

ಇಷ್ಟಾದ ಮೇಲೆ ಪುಟ ನೋಡಲು ಸಿದ್ಧ. ಆದರೆ ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ. ಹೊಸದಾಗಿ ನೋಡಿದ ಉತ್ಸಾಹದಲ್ಲಿ ಮಂಕು ಅಕ್ಷರವೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಪ್ರತಿ ಮಾದರಿಯ ಕೆಳಗೆ ಸ್ಕ್ರಿಪ್ಟ್ ಒಂದು ಅಂಕಿಯನ್ನೂ ಬರೆಯುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ ಅದು.

ವೆಬ್ ಪುಟಗಳು ಎಲ್ಲರಿಗೂ ಓದಲು ಬರುವಂತಿರಬೇಕು ಎಂದು ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಈ ಲೆಕ್ಕವಿದೆ. ಬಣ್ಣದ ಕೆಂಪು, ಹಸಿರು, ನೀಲಿ ಅಂಶಗಳನ್ನು ಮೊದಲು ಬೆಳಕಿನ ನಿಜವಾದ ಪ್ರಮಾಣಕ್ಕೆ ಪರಿವರ್ತಿಸಬೇಕು. ಆಮೇಲೆ ಕೆಂಪನ್ನು 0.2126ರಿಂದ, ಹಸಿರನ್ನು 0.7152ರಿಂದ, ನೀಲಿಯನ್ನು 0.0722ರಿಂದ ಗುಣಿಸಿ ಕೂಡಿಸಬೇಕು. ಹೀಗೆ ಬಂದ ಎರಡು ಹೊಳಪುಗಳಿಗೂ 0.05 ಸೇರಿಸಿ, ದೊಡ್ಡದನ್ನು ಸಣ್ಣದರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪು 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಬೇಕು, ಇನ್ನೂ ಕಟ್ಟುನಿಟ್ಟಿನ ಮಟ್ಟಕ್ಕೆ 7.

ಆ ಮೂರು ಗುಣಕಗಳನ್ನು ನಿಧಾನವಾಗಿ ನೋಡಿದರೆ ಕಣ್ಣಿನ ಸ್ವಭಾವವೇ ಅದರಲ್ಲಿ ಬರೆದಿದೆ. ಹೊಳಪಿನ ಹೆಚ್ಚಿನ ಪಾಲನ್ನು ನಾವು ಹಸಿರಿನಿಂದ ಪಡೆಯುತ್ತೇವೆ, ನೀಲಿಯಿಂದ ಬರುವುದು ಅತ್ಯಲ್ಪ. ಕಪ್ಪು ಟರ್ಮಿನಲ್‌ನಲ್ಲಿ ಕಡುನೀಲಿ ಅಕ್ಷರ ಓದಲು ಕಷ್ಟಪಟ್ಟವರಿಗೆ ಕಾರಣ ಇಲ್ಲಿ ಸಿಗುತ್ತದೆ. ಅಚ್ಚ ನೀಲಿ ಕಪ್ಪಿನ ಮೇಲೆ ಬರೀ 2.44. ಅದೇ ನೀಲಿ ಬಿಳಿಯ ಮೇಲೆ 8.59. ಶೆವ್ರೊಲ್ ನೂಲಿನಲ್ಲಿ ಕಂಡದ್ದು ಇಲ್ಲಿ ಅಂಕಿಯ ರೂಪದಲ್ಲಿ ಬರುತ್ತದೆ: ಬಣ್ಣ ಒಂದೇ, ನೆಲ ಬದಲಾದರೆ ಬೆಲೆ ಬದಲಾಗುತ್ತದೆ.

ಈಥನ್ ಸ್ಕೂನೋವರ್ 2011ರಲ್ಲಿ ಹೊರತಂದ ಸೋಲರೈಸ್ಡ್ ಸ್ಕೀಮ್ ಅನ್ನು ಈ ಒರೆಗಲ್ಲಿಗೆ ಉಜ್ಜಿ ನೋಡೋಣ. ಬಹಳ ಶ್ರದ್ಧೆಯಿಂದ ಮಾಡಿದ ಸ್ಕೀಮ್ ಅದು. ಒಟ್ಟು 16 ಬಣ್ಣ. ನೆಲಕ್ಕೂ ಮಾಮೂಲಿ ಅಕ್ಷರಕ್ಕೂ 8, ಎದ್ದು ಕಾಣಬೇಕಾದ ಪದಗಳಿಗೆ 8. ಕಣ್ಣಿಗೆ ತೋರುವ ಹೊಳಪನ್ನು ಅಳೆಯುವ ಸಿಐಇ ಲ್ಯಾಬ್ ಪದ್ಧತಿಯಲ್ಲಿ ಅವುಗಳ ಅಂತರವನ್ನು ನಿಗದಿ ಮಾಡಿದ್ದಾರೆ. ಹಾಗಾಗಿ ಗಾಢ ರೂಪದಿಂದ ತಿಳಿ ರೂಪಕ್ಕೆ ತಿರುಗಿಸಿದರೂ ಪದಗಳ ನಡುವಿನ ಏರಿಳಿತ ಹಾಗೇ ಉಳಿಯುತ್ತದೆ. ಕೆಂಪು, ಹಸಿರು, ನೀಲಿ ಮಟ್ಟಗಳ ಕ್ರಮದಲ್ಲಿ ಹೇಳಿದರೆ, ಗಾಢ ರೂಪದ ನೆಲ 0, 43, 54 ಎಂಬ ಕಡು ಹಸಿರುನೀಲಿ. ಮಾಮೂಲಿ ಅಕ್ಷರ 131, 148, 150. ಅನುಪಾತ 4.75, ಗೆರೆಯನ್ನು ಸ್ವಲ್ಪವೇ ದಾಟಿದೆ. ಕಾಮೆಂಟ್‌ನ ಬಣ್ಣ 88, 110, 117. ಅದರ ಅನುಪಾತ 2.79.

ಈ 2.79 ಅಜಾಗರೂಕತೆಯಿಂದ ಬಂದದ್ದಲ್ಲ. ಕೋಡ್ ಮುಂದೆ ನಿಲ್ಲಲಿ, ಟಿಪ್ಪಣಿ ಹಿಂದೆ ಸರಿಯಲಿ ಎಂಬ ವಿಚಾರ ಅದರ ಹಿಂದಿದೆ. ತಾನೇ ಬರೆದ ಕೋಡನ್ನು ತಿದ್ದುವವರಿಗೆ ಅದು ಸರಿಯೇ. ಇನ್ನೊಬ್ಬರು ಬರೆದದ್ದನ್ನು ಓದಿ ಅರ್ಥಮಾಡಿಕೊಳ್ಳಬೇಕಾದವರು ಮೊದಲು ಓದುವುದು ಕಾಮೆಂಟನ್ನೇ. ಅಂಕಿ ತಾನಾಗಿ ತೀರ್ಪು ಕೊಡುವುದಿಲ್ಲ. ನಿಮ್ಮ ಕೆಲಸಕ್ಕೆ ಯಾವುದು ಮುಂದೆ ಬರಬೇಕು ಎಂದು ಕೇಳುತ್ತದೆ.

ಹೊಳಪಿನ ಇದೇ ಲೆಕ್ಕ ಇನ್ನೊಂದು ಕಡೆಯೂ ಉಪಯೋಗಕ್ಕೆ ಬರುತ್ತದೆ. ಎರಡು ಫೈಲುಗಳ ವ್ಯತ್ಯಾಸ ತೋರಿಸುವಾಗ ಸೇರಿಸಿದ ಸಾಲಿನ ಹಿನ್ನೆಲೆ ಹಸಿರು, ತೆಗೆದ ಸಾಲಿನದು ಕೆಂಪು ಎಂಬುದು ರೂಢಿ. ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯದವರು ನಮ್ಮ ನಡುವೆ ಇದ್ದಾರೆ. ಉತ್ತರ ಯೂರೋಪಿನ ಮೂಲದ ಗಂಡಸರಲ್ಲಿ ಅಂಥವರು ಸುಮಾರು ಶೇ. 8. ಎರಡು ಹಿನ್ನೆಲೆಗಳ ಹೊಳಪು ಬೇರೆ ಬೇರೆಯಾಗಿದ್ದರೆ ಬಣ್ಣ ತಿಳಿಯದಿದ್ದರೂ ಒಂದು ಗಾಢ, ಒಂದು ತಿಳಿ ಎಂದು ಅವರಿಗೆ ಗೊತ್ತಾಗುತ್ತದೆ. ಹೊಳಪೂ ಒಂದೇ ಆಗಿಬಿಟ್ಟರೆ ಎರಡೂ ಒಂದೇ ಮಣ್ಣಿನ ಬಣ್ಣ. ಅಂಥ ಸ್ಕೀಮ್‌ನ ಕೆಳಗೆ ನನ್ನ ಸ್ಕ್ರಿಪ್ಟ್ ಒಂದು ನಕ್ಷತ್ರದ ಗುರುತು ಹಾಕುತ್ತದೆ.

ಒತ್ತಕ್ಷರದ ಪರೀಕ್ಷೆ

ಮಾದರಿಯಲ್ಲಿ ಕನ್ನಡ ಇಟ್ಟದ್ದು ಅಭಿಮಾನಕ್ಕಷ್ಟೇ ಅಲ್ಲ. ಕನ್ನಡದ ಕಾಮೆಂಟ್ ಬರೆಯುವವರು, ಕನ್ನಡದ ಪಠ್ಯವನ್ನು ಕೋಡಿನೊಳಗೆ ಇಡಬೇಕಾದವರು ನಮ್ಮಲ್ಲಿ ಇದ್ದಾರೆ. ಟರ್ಮಿನಲ್ ಸ್ಕ್ರೀನ್ ಚೌಕಗಳಾಗಿ ಭಾಗವಾಗಿರುತ್ತದೆ. ಒಂದರ ಕೆಳಗೊಂದು ಒತ್ತು ಬರುವ ನಮ್ಮ ಅಕ್ಷರ ಆ ಚೌಕದ ಲೆಕ್ಕಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಮುನ್ನೋಟ ಬ್ರೌಸರ್‌ನಲ್ಲಿ ತೆರೆಯುವುದರ ದೊಡ್ಡ ಲಾಭ ಇಲ್ಲಿದೆ. ಫೈರ್‌ಫಾಕ್ಸ್, ಕ್ರೋಮ್‌ಗಳು ಅಕ್ಷರ ಜೋಡಿಸಲು ಬಳಸುವ ಹಾರ್ಫ್‌ಬಜ್ ‘ಷ್ಟ್ರ’ವನ್ನು ಒಡೆಯದೆ ಒಂದೇ ಗುಚ್ಛವಾಗಿ ಕೂರಿಸುತ್ತದೆ.

ಮಂಕು ಬಣ್ಣ ಮೊದಲು ನುಂಗುವುದು ಒತ್ತಕ್ಷರವನ್ನು. ಮೂಲಾಕ್ಷರಕ್ಕಿಂತ ಅದು ಚಿಕ್ಕದು, ಗೆರೆಯೂ ಸಣ್ಣದು. ಅನುಪಾತ ಮೂರಕ್ಕಿಂತ ಕೆಳಗಿರುವ ಕಾಮೆಂಟ್‌ನಲ್ಲಿ ‘ಷ’ದ ಕೆಳಗಿರುವುದು ‘ಟ’ವೋ ‘ಠ’ವೋ ಎಂದು ಮುಖ ಹತ್ತಿರ ತಂದು ನೋಡಬೇಕಾಗುತ್ತದೆ. ಅದೇ ಗಾತ್ರದ ಇಂಗ್ಲಿಷ್ ಕಾಮೆಂಟ್ ಆ ಬಣ್ಣದಲ್ಲೂ ಹೇಗೋ ಓದಿಸಿಕೊಳ್ಳುತ್ತದೆ. ಇನ್ನೊಂದು ಸಂಗತಿ: ಹಲವು ಸ್ಕೀಮ್‌ಗಳು ಕಾಮೆಂಟನ್ನು ಇಟಾಲಿಕ್‌ನಲ್ಲಿ ತೋರಿಸುತ್ತವೆ. ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ ಇಟಾಲಿಕ್ ರೂಪವೇ ಇಲ್ಲ. ಬ್ರೌಸರ್ ನೆಟ್ಟಗಿರುವ ಅಕ್ಷರವನ್ನೇ ಎಳೆದು ವಾಲಿಸುತ್ತದೆ, ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ ಸರಿದು ಪದದ ಹದ ಕೆಡುತ್ತದೆ. ಕನ್ನಡ ಓದುವವರಿಗೆ ಹೊಂದುವ ಸ್ಕೀಮ್ ಯಾವುದೆಂದು ಹೇಳಲು ಇಂಗ್ಲಿಷ್ ಮಾದರಿ ಸಾಲದು.

ಆರಿಸುವ ಹೊತ್ತು

ಪುಟದಲ್ಲಿ ಮಾದರಿಗಳನ್ನು ಅಕಾರಾದಿಯಾಗಿ ಇಟ್ಟರೆ ಕಪ್ಪು ನೆಲದ ಪಕ್ಕ ಬಿಳಿ ನೆಲ ಬಂದು ಕಣ್ಣು ಕೋರೈಸುತ್ತದೆ. ಹೊಳಪಿನ ಲೆಕ್ಕ ಹೇಗೂ ಕೈಯಲ್ಲಿದೆ. ಅತಿ ಗಾಢ ನೆಲದಿಂದ ಅತಿ ತಿಳಿ ನೆಲದವರೆಗೆ ಸಾಲಾಗಿ ಜೋಡಿಸಿದರೆ ಪುಟ ಬೆಳಗಾಗುವ ಹಾಗೆ ಮೇಲಿನಿಂದ ಕೆಳಗೆ ತಿಳಿಯಾಗುತ್ತಾ ಹೋಗುತ್ತದೆ. ಒಂದನ್ನೊಂದು ಹೋಲುವ ಸ್ಕೀಮ್‌ಗಳು ತಾವಾಗಿಯೇ ಅಕ್ಕಪಕ್ಕ ಬರುತ್ತವೆ. ಹೋಲಿಸಬೇಕಾದ್ದೂ ಅವುಗಳನ್ನೇ.

ಹೆಸರುಗಳನ್ನು ಮೊದಲು ಮರೆಮಾಡಿಡುತ್ತೇನೆ. ಪ್ರಸಿದ್ಧ ಹೆಸರು ಕಣ್ಣಿಗೆ ಮೊದಲೇ ಶಿಫಾರಸು ಮಾಡಿಬಿಡುತ್ತದೆ. ಹೆಸರಿಲ್ಲದೆ ಮೂರನ್ನು ಆರಿಸಿ, ಆಮೇಲೆ ಮೌಸ್ ಮೇಲಿಟ್ಟು ಹೆಸರು ನೋಡುವುದು. ಆ ಮೂರರಲ್ಲಿ ಒಂದೊಂದನ್ನು ಒಂದೊಂದು ವಾರ ಬಳಸುವುದು, ಬೆಳಗಿನ ಬಿಸಿಲು ಕಿಟಕಿಯಲ್ಲಿದ್ದಾಗಲೂ ರಾತ್ರಿ ಒಂದೇ ದೀಪ ಉರಿಯುವಾಗಲೂ. ಅಂಗಡಿಯ ಬಾಗಿಲಿಗೆ ಕರೆದು ಬೆಳಕಿಗೆ ಹಿಡಿಯುವ ಕೆಲಸ ಅದು. ಸ್ಕ್ರಿಪ್ಟ್ ನಲವತ್ತರಿಂದ ಮೂರಕ್ಕೆ ತಂದು ಕೊಡಬಲ್ಲದು, ಮೂರರಿಂದ ಒಂದಕ್ಕೆ ಬರಲು ದಿನಗಳೇ ಬೇಕು.

ನನಗೆ ಉಳಿದದ್ದು ಸೋಲರೈಸ್ಡ್‌ನ ಗಾಢ ರೂಪ, ಒಂದು ಬದಲಾವಣೆಯೊಂದಿಗೆ. ಕಾಮೆಂಟ್‌ನ ಬಣ್ಣವನ್ನು ಅದೇ ಹದಿನಾರರ ಒಳಗಿನ ಬೇರೆ ಮೆಟ್ಟಿಲುಗಳಿಗೆ ಏರಿಸಿ ನಾಲ್ಕು ಮಾದರಿ ತೆಗೆದೆ. ಮೊದಲಿನದು 2.79. ಒಂದು ಮೆಟ್ಟಿಲು ಮೇಲಿನ 101, 123, 131ಕ್ಕೆ 3.37. ಇನ್ನೊಂದು ಮೆಟ್ಟಿಲಿಗೆ 4.75, ಆದರೆ ಅದು ಮಾಮೂಲಿ ಅಕ್ಷರದ ಬಣ್ಣವೇ ಆದ್ದರಿಂದ ಕಾಮೆಂಟ್ ಯಾವುದು ಎಂದು ಬೇರೆಯಾಗಿ ತಿಳಿಯದು. ಅದರ ಮೇಲಿನ 147, 161, 161ಕ್ಕೆ 5.61. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ ಕೊನೆಯದನ್ನು ಇರಿಸಿಕೊಂಡೆ. ಇಟಾಲಿಕ್ ತೆಗೆದೆ. ಈಗ ನನ್ನ ಎಡಿಟರ್‌ನಲ್ಲಿ ಕಾಮೆಂಟ್ ಕೋಡಿಗಿಂತ ತುಸು ಮುಂದೆ ನಿಂತಿದೆ. ಬೇರೆಯವರು ಬರೆದಿಟ್ಟ ವಿವರಣೆಯನ್ನು ಓದಿ ಮುಂದುವರಿಯುವ ನನ್ನ ಕೆಲಸಕ್ಕೆ ಅದು ತಕ್ಕ ಜಾಗ. ‘ಷ್ಟ್ರ’ದ ಕೆಳಗಿನ ‘ಟ’ ಮುಖ ಹತ್ತಿರ ತರದೆಯೇ ಕಾಣುತ್ತದೆ.